ಕಂಟ್ರಾಕ್ಟರು ಹೋದ ಮೇಲೆ

ನಮ್ಮ ಕಡೆ ಮಳೆಯನ್ನು ಸೆಂಟ್ಸ್ ಲೆಕ್ಕದಲ್ಲಿ ಹೇಳುತ್ತಾರೆ. ನೂರು ಸೆಂಟ್ಸ್ ಸೇರಿದರೆ ಒಂದು ಇಂಚು. ಸರ್ಕಾರ, ರೇಡಿಯೊ, ಟೀವಿ ಎಲ್ಲ ಮಿಲಿಮೀಟರಿಗೆ ಹೋಗಿ ಯಾವ ಕಾಲವಾಯಿತೋ, ಮೂಡಿಗೆರೆ, ಕಳಸ, ಬಾಳೆಹೊನ್ನೂರು ಸೀಮೆಯ ತೋಟದವರು ಮಾತ್ರ ಸೆಂಟ್ಸ್ ಬಿಟ್ಟುಕೊಟ್ಟಿಲ್ಲ. ಮಾರ್ಚ್ ತಿಂಗಳ ಸಂಜೆ ಗುಡುಗಿ ಒಂದು ಮಳೆ ಹೊಡೆಯಿತು ಅನ್ನಿ, ಪೂರಾ ಬಿಡುವ ಮೊದಲೇ ಫೋನು ಶುರು. "ನಿಮ್ಮಲ್ಲಿ ಎಷ್ಟಾಯ್ತು?" "ಎಂಬತ್ತು ಸೆಂಟ್ಸ್. ನಿಮ್ಮಲ್ಲಿ?" "ಎಂತದೂ ಇಲ್ಲ ಮಾರಾಯ್ರೆ, ಬರೀ ಹದಿನೈದು. ಗುಡ್ಡದ ಆಚೆ ಮಗ್ಗುಲಿಗೇ ಹೋಯ್ತು." ಹದಿನೈದು ಸೆಂಟ್ಸ್ ಆದವನ ಸಂಕಟ ಏನೂ ಆಗದವನಿಗಿಂತ ಹೆಚ್ಚು. ಅರೆಬರೆ ಮಳೆಗೆ ಮೊಗ್ಗು ಅರ್ಧ ಎದ್ದು, ಬಿಸಿಲಿಗೆ ಸಿಕ್ಕಿ, ಹೂವೂ ಆಗದೆ ಮೊಗ್ಗಾಗಿಯೂ ಉಳಿಯದೆ ಕರಟುತ್ತದೆ. ಒಂದು ಇಂಚು ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ.

ಪ್ರತಿ ತೋಟದಲ್ಲೂ ಕಣದ ಮೂಲೆಗೆ ಒಂದು ಮಳೆಮಾಪಕ, ಮನೆಯೊಳಗೆ ಒಂದು ಮಳೆ ಪುಸ್ತಕ. ಬೆಳಿಗ್ಗೆ ಗಾಜಿನ ಅಳತೆ ಲೋಟಕ್ಕೆ ನೀರು ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ, ಬರೆದಿಟ್ಟಮೇಲೇ ಕಾಫಿ. ನಮ್ಮ ಮನೆಯ ಬೀರುವಿನಲ್ಲಿ ಅಜ್ಜನ ಕಾಲದ ಪುಸ್ತಕಗಳಿವೆ. ಅಜ್ಜನ ಅಕ್ಷರ, ಅಪ್ಪನ ಅಕ್ಷರ, ಆಮೇಲೆ ನನ್ನ ಕಾಗೆ ಕಾಲು. ಬೆಳ್ಳಿಹುಳ ತಿಂದ ಕಡೆ ಮಾತ್ರ ಬರಗಾಲ. ಈಗ ಸರ್ಕಾರವೂ ಈ ಕೆಲಸಕ್ಕೆ ಇಳಿದಿದೆ. 1988ರಲ್ಲಿ ಬರದ ಮೇಲೆ ನಿಗಾ ಇಡಲೆಂದು ಹುಟ್ಟಿದ ಘಟಕ ಬೆಳೆದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ, ಗ್ರಾಮ ಪಂಚಾಯಿತಿಗಳಲ್ಲೆಲ್ಲ ತಾನೇ ಅಳೆದು ತಾನೇ ಕಳಿಸುವ ಮಳೆಮಾಪಕ ನೆಟ್ಟಿದೆ. ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಬೆಂಗಳೂರಿನ ಯಲಹಂಕಕ್ಕೆ ಹೋಗುತ್ತದೆ. 'ವರುಣ ಮಿತ್ರ' ಸಹಾಯವಾಣಿಗೆ ಫೋನು ಮಾಡಿದರೆ ಹೇಳುತ್ತಾರೆ. ಆದರೂ ನಾವು ಪಕ್ಕದ ತೋಟಕ್ಕೇ ಫೋನು ಮಾಡುವುದು. ಯಲಹಂಕದವರ ಹತ್ತಿರ "ನಿಮ್ಮಲ್ಲಿ ಎಷ್ಟಾಯ್ತು" ಎಂದು ಕೇಳಿ ಹೊಟ್ಟೆ ಉರಿಸಿಕೊಳ್ಳುವುದಕ್ಕೆ ಆಗುತ್ತದೆಯೇ?

ಇಷ್ಟು ಪೀಠಿಕೆ ಯಾಕೆಂದರೆ, ನನ್ನ ಸೋದರಳಿಯ ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಒಂದು ಡೇಟಾ ಸೆಂಟರಿನಲ್ಲಿದ್ದಾನೆ. ಅವನು ಊರಿಗೆ ಬಂದಾಗಲೆಲ್ಲ "ಮಾನಿಟರಿಂಗ್, ಮಾವ, ಮಾನಿಟರಿಂಗ್" ಎಂದು ನನಗೆ ಪಾಠ ಹೇಳುತ್ತಿರುತ್ತಾನೆ. ಮೂರು ತಲೆಮಾರು ಮಳೆ ನೀರು ಲೋಟಕ್ಕೆ ಬಗ್ಗಿಸಿದ ವಂಶದವನಿಗೆ ಇದನ್ನು ಹೇಳುತ್ತಿದ್ದೇನೆ ಎಂಬ ಪರಿವೆ ಅವನಿಗಿಲ್ಲ.

ಡೇಟಾ ಸೆಂಟರ್ ಅಂದರೆ ಕಂಪ್ಯೂಟರುಗಳ ಮನೆ ಎಂದು ನಾವು ತಿಳಿಯುತ್ತೇವೆ. ಅಳಿಯನ ಮಾತು ಕೇಳಿದರೆ ಕಂಪ್ಯೂಟರು ಅಲ್ಲಿ ನೆಪಕ್ಕೆ. ಕಟ್ಟಡದ ಬಹುಪಾಲು ಕೆಲಸ ಅವುಗಳ ಉಪಚಾರ. ಕರೆಂಟು ಹೋದ ಕ್ಷಣ ಹಿಡಿದುಕೊಳ್ಳಲು ಯುಪಿಎಸ್ ಮತ್ತು ಬ್ಯಾಟರಿ, ಅದರ ಬೆನ್ನಿಗೆ ಡೀಸೆಲ್ ಜನರೇಟರು, ಬಿಸಿ ಹೊರಹಾಕಲು ಚಿಲ್ಲರು, ಬೆಂಕಿ ಮೂಸುವ ಯಂತ್ರ, ನೆಲದಡಿ ನೀರು ಸೋರಿದರೆ ಕೂಗುವ ತಂತಿ, ಬಾಗಿಲು ಕಾಯುವ ಕಾರ್ಡು. ಒಳಗೆ ಬರುವ ಗಾಳಿ 18ರಿಂದ 27 ಡಿಗ್ರಿಯ ಒಳಗಿದ್ದರೆ ಒಳ್ಳೆಯದು ಎಂದು ಅಮೆರಿಕದ ಹವಾನಿಯಂತ್ರಣ ಇಂಜಿನಿಯರುಗಳ ಸಂಘ ಹೇಳುತ್ತದೆ. ಮೂಡಿಗೆರೆಯಲ್ಲಿ ಡಿಸೆಂಬರ್ ಹೊತ್ತಿಗೆ ಇದಕ್ಕೆ ಏನೂ ಖರ್ಚಿಲ್ಲವಲ್ಲ, ಇಲ್ಲಿಗೇ ತಂದುಬಿಡಿ ಎಂದೆ. ಅಳಿಯ ನಕ್ಕ. ಅವರ ಲೋಕದಲ್ಲಿ ಮೂರನೇ ದರ್ಜೆಯ ಸೆಂಟರ್ ಅಂದರೆ 99.982 ಪರ್ಸೆಂಟ್ ನಡೆಯುತ್ತಿರಬೇಕಂತೆ, ವರ್ಷಕ್ಕೆ ಒಂದೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು ನಿಂತರೂ ದರ್ಜೆಗೆ ಕುತ್ತು. ಆಷಾಢದ ಗಾಳಿಗೆ ಒಂದು ಸಿಲ್ವರ್ ಓಕ್ ಲೈನಿನ ಮೇಲೆ ಒರಗಿದರೆ ನಮ್ಮ ಒಂದೂವರೆ ಗಂಟೆ ಲೈನ್‌ಮ್ಯಾನಿಗೆ ಫೋನು ಹತ್ತಿಸುವುದರಲ್ಲೇ ತೀರುತ್ತದೆ. ನಾನು ಮಾತು ಬದಲಿಸಿದೆ.

ಅವನ ತಲೆನೋವು ಬೇರೆ. ಈ ಯುಪಿಎಸ್ಸು, ಚಿಲ್ಲರು, ಜನರೇಟರು ಒಂದೊಂದೂ ಒಂದೊಂದು ಕಂಪನಿಯದು, ಒಂದೊಂದಕ್ಕೂ ಒಂದೊಂದು ಭಾಷೆ. ಮಾಡ್‌ಬಸ್ ಎಂಬುದೊಂದು 1979ರದು, ಇವತ್ತಿಗೂ ಗಟ್ಟಿಯಾಗಿದೆ. ಬ್ಯಾಕ್‌ನೆಟ್ ಎಂಬುದು 1995ರಲ್ಲಿ ಮಾನಕವಾದದ್ದು. ಕಂಪ್ಯೂಟರ್ ಜಾಲದವರದು ಎಸ್‌ಎನ್‌ಎಂಪಿ ಎಂಬ ಇನ್ನೊಂದು. ಇವುಗಳನ್ನೆಲ್ಲ ಮಾತಾಡಿಸಿ, ಒಂದು ಪರದೆಗೆ ತಂದು, ಅಲ್ಲಿಂದಲೇ ಹತೋಟಿ ಮಾಡುವಂತೆ ಕೂಡಿಸಿಕೊಡುವವನಿಗೆ ಸಿಸ್ಟಂ ಇಂಟಿಗ್ರೇಟರ್ ಎಂದು ಹೆಸರು. ಗಿರಾಕಿಯ ಮುಖ ನೋಡಿ ಕನ್ನಡ, ತುಳು, ಕೊಂಕಣಿ, ಮಲಯಾಳಕ್ಕೆ ಹೊರಳುವ ಕಳಸದ ಅಂಗಡಿಯವನಿದ್ದ ಹಾಗೆ. ಅಂಥವನೊಬ್ಬನನ್ನು ಆರಿಸುವ ಸಮಿತಿಗೆ ಅಳಿಯನನ್ನು ಹಾಕಿದ್ದರು. ಅವನ ಲ್ಯಾಪ್‌ಟಾಪಿನಲ್ಲಿ ದೊಡ್ಡದೊಂದು ಕೋಷ್ಟಕ. ಅನುಭವಕ್ಕೆ ಇಷ್ಟು ಅಂಕ, ಸಿಬ್ಬಂದಿಗೆ ಇಷ್ಟು, ಬೆಲೆಗೆ ಇಷ್ಟು. ಕೊನೆಗೆ ಮೇಲಿನವರು ಎಲ್ ಒನ್‌ಗೆ, ಅಂದರೆ ಎಲ್ಲರಿಗಿಂತ ಕಡಿಮೆ ಬರೆದವನಿಗೆ ಕೊಡಿ ಎನ್ನುತ್ತಾರೆ ಎಂಬುದು ಅವನ ಕೊರಗು.

ಅದೇ ಹೊತ್ತಿಗೆ ನನಗೂ ಅಂಥವನೊಬ್ಬ ಬೇಕಾಗಿದ್ದ. ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೊರಳಿ ಸ್ವಲ್ಪ ದೂರ ಬಂದರೆ ಸಿಗುವ ನಮ್ಮ ತೋಟದಲ್ಲಿ ಒಂದಿಷ್ಟು ಅರೇಬಿಕಾ, ಉಳಿದದ್ದು ರೋಬಸ್ಟಾ, ಮರಕ್ಕೆಲ್ಲ ಮೆಣಸಿನ ಬಳ್ಳಿ. ರೋಬಸ್ಟಾಕ್ಕೆ ಹೂಮಳೆ ಕಾಯುತ್ತ ಕೂರುವ ಕಾಲ ಹೋಯಿತು. ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಹಾಕಿ ನಾವೇ ಮಳೆ ಹೊಡೆಸುತ್ತೇವೆ, ಆಮೇಲೆ ಬ್ಯಾಕಿಂಗಿಗೆ, ಅಂದರೆ ಬಂದ ಹೂವು ಕಾಯಿಕಟ್ಟಲಿ ಎಂದು, ಇನ್ನೊಂದು ಸುತ್ತು. ಅದಕ್ಕೆ ಹಳ್ಳದ ಪಂಪು, ಬೋರಿನ ಪಂಪು. ಹಳ್ಳದ ಪಂಪಿಗೆ ಮೊಬೈಲ್ ಸ್ಟಾರ್ಟರ್. ಕಾಫಿ ಕದಿಯುವವರ ಕಾಟಕ್ಕೆ ಕಣಕ್ಕೂ ಗೋಡೌನಿಗೂ ಕ್ಯಾಮೆರಾ. ಕಾಡುಪ್ರಾಣಿಗೆ ಸೋಲಾರ್ ಬೇಲಿ. ಮೋಡ ಕವಿದ ದಿನಕ್ಕೆ ಡ್ರೈಯರ್. ಇವಕ್ಕೆಲ್ಲ ಇನ್ವರ್ಟರು, ಜನರೇಟರು. ಪ್ರತಿಯೊಂದನ್ನು ಕೊಟ್ಟವನೂ ನನ್ನ ಫೋನಿಗೆ ಒಂದು ಆ್ಯಪ್ ಹಾಕಿ ಹೋಗಿದ್ದ. ರಾತ್ರಿ ಹನ್ನೊಂದಕ್ಕೆ ಫೋನು ಟುಂಯ್ ಎಂದರೆ ಅದು ಬೇಲಿಯೋ, ಬೋರೋ, ಕ್ಯಾಮೆರಾದ ಮುಂದೆ ಹಾರಿದ ಬಾವಲಿಯೋ ತಿಳಿಯುವುದಿಲ್ಲ. "ಆ ಫೋನನ್ನು ಕಣದಲ್ಲೇ ಮಲಗಿಸಿ ಬನ್ನಿ" ಎಂದು ಮನೆಯವಳ ಆಜ್ಞೆಯಾಯಿತು.

ಇಲ್ಲಿ 1979ನೇ ಇಸವಿಯ ಬಗ್ಗೆ ಒಂದು ಮಾತು ಹೇಳಬೇಕು, ಯಾಕೋ ಈ ವಿಷಯ ಎತ್ತಿದರೆ ಆ ವರ್ಷ ಅಡ್ಡ ಬರುತ್ತದೆ. ಮಾಡ್‌ಬಸ್ ಹುಟ್ಟಿದ ಅದೇ ವರ್ಷ, ಮಾರ್ಚ್ 28ರ ನಸುಕಿಗೆ, ಅಮೆರಿಕದ ಥ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಅಪಘಾತವಾಯಿತು. ಮೊದಲ ಕೆಲವು ನಿಮಿಷದಲ್ಲೇ ನೂರಕ್ಕೂ ಹೆಚ್ಚು ಅಲಾರಂ ಒಟ್ಟಿಗೆ ಹೊಡೆದುಕೊಂಡವು, ಯಾವುದು ಮುಖ್ಯ ಯಾವುದು ಅಲ್ಲ ಎಂದು ನಿಯಂತ್ರಣ ಕೊಠಡಿಯವರಿಗೆ ಗೊತ್ತಾಗಲಿಲ್ಲ. ಅದಕ್ಕಿಂತ ದೊಡ್ಡ ಎಡವಟ್ಟು ಒಂದು ಚಿಕ್ಕ ದೀಪದ್ದು. ಒಂದು ವಾಲ್ವ್ ತೆರೆದೇ ಸಿಕ್ಕಿಕೊಂಡಿತ್ತು. ಪ್ಯಾನೆಲಿನ ದೀಪ ಮಾತ್ರ ಅದು ಮುಚ್ಚಿದೆ ಎಂದು ನಂಬಿಸಿತು. ಆ ದೀಪಕ್ಕೆ ಗೊತ್ತಿದ್ದದ್ದು ಮುಚ್ಚು ಎಂಬ ಅಪ್ಪಣೆ ಹೋಗಿದೆ ಎಂಬುದಷ್ಟೆ. ವಾಲ್ವ್ ಅಪ್ಪಣೆ ಪಾಲಿಸಿತೋ ಇಲ್ಲವೋ ಎಂದು ನೋಡುವ ಕಣ್ಣು ಅದಕ್ಕಿರಲಿಲ್ಲ.

ನನ್ನ ಮೊಬೈಲ್ ಸ್ಟಾರ್ಟರಿನದೂ ಇದೇ ಕತೆ. "ಮೋಟರ್ ಚಾಲೂ ಆಗಿದೆ" ಎಂದು ಮೆಸೇಜು ಬರುತ್ತದೆ. ಮೋಟರ್ ತಿರುಗುತ್ತಿರುವುದೂ ನಿಜ. ಹಳ್ಳದ ಫುಟ್‌ವಾಲ್ವಿಗೆ ಎಲೆ ಸಿಕ್ಕಿ ಪೈಪು ಗಾಳಿ ಎಳೆದುಕೊಂಡು, ಮೇಲೆ ಸ್ಪ್ರಿಂಕ್ಲರ್ ಸುಮ್ಮನೆ ಆಕಾಶ ನೋಡುತ್ತಿರುತ್ತದೆ. ನೀರಿಲ್ಲದೆ ಓಡಿದ ಮೋಟರ್ ಕೊನೆಗೆ ಮೂಡಿಗೆರೆಯ ರಿವೈಂಡಿಂಗ್ ಅಂಗಡಿಗೆ. ಅಲ್ಲಿಯ ಸಾಹೇಬರು ಸುಟ್ಟ ವೈಂಡಿಂಗ್ ಮೂಸಿ ನೋಡಿ, "ಇದು ಫೇಸ್ ಹೋದದ್ದಲ್ಲ, ಡ್ರೈ ಓಡಿಸಿದ್ದೀರಿ" ಎಂದು ಹೇಳಿಬಿಡುತ್ತಾರೆ. ನಮ್ಮ ಸೀಮೆಯ ಅತ್ಯುತ್ತಮ ಮಾನಿಟರಿಂಗ್ ಸಿಸ್ಟಂ ಆ ಮೂಗು. ಆದರೆ ಅದು ರಿಪೋರ್ಟು ಕೊಡುವುದು ಎಲ್ಲ ಸುಟ್ಟ ಮೇಲೆ.

ಸರಿ, ಕಂಟ್ರಾಕ್ಟರು. ಮೊದಲು ಬಂದವರು ಟೈ ಕಟ್ಟಿಕೊಂಡಿದ್ದರು. ತೋಟಕ್ಕೆ ಇಳಿಯಲಿಲ್ಲ. ಜಗಲಿಯಲ್ಲೇ ಕೂತು ಗೋಡೆಗೆ ಚಿತ್ರ ಬಿಟ್ಟರು. ಚಿತ್ರದ ತೋಟದಲ್ಲಿ ನೆಲ ಸಪಾಟು, ಗಿಡ ಸಾಲಾಗಿ, ಜಿಗಣೆ ಇಲ್ಲ. ಅವರ ಪ್ರಕಾರ ಈಗಿರುವ ಸ್ಟಾರ್ಟರು, ಕ್ಯಾಮೆರಾ, ಬೇಲಿಯ ಪೆಟ್ಟಿಗೆ ಎಲ್ಲ ಕಿತ್ತು ತಮ್ಮ ಕಂಪನಿಯದೇ ಹಾಕಬೇಕು, ಆಗ ಎಲ್ಲ ಒಂದಕ್ಕೊಂದು ಮಾತಾಡುತ್ತವೆ. ಮಾತಾಡದೆ ಏನು! ಎಲ್ಲರನ್ನೂ ಹೊರಗಟ್ಟಿ ಒಬ್ಬನೇ ಉಳಿದರೆ ಒಗ್ಗಟ್ಟಿಗೆ ಬರವೇ? ಮುಂದೆ ಒಂದು ಬಲ್ಬು ಬೇಕಾದರೂ ಅವರ ಬಾಗಿಲಿಗೇ ಹೋಗಬೇಕು. ಅಳಿಯನ ಕೋಷ್ಟಕದಲ್ಲಿ ಇದಕ್ಕೊಂದು ಕಾಲಂ ಇದೆಯಂತೆ, ಎಲ್ಲರಿಗೂ ತೆರೆದ ಭಾಷೆಯೋ, ತಮ್ಮ ಮನೆಯದೇ ಭಾಷೆಯೋ ಎಂದು. ಮನೆಭಾಷೆಯವರಿಗೆ ಸೊನ್ನೆ ಹಾಕಬೇಕು ಎಂಬುದು ನನ್ನ ಅಭಿಪ್ರಾಯ.

ಆಮೇಲೆ ಬಂದವರು "ಆಗುತ್ತೆ ಸಾರ್." ಅವರ ಹೆಸರೇ ನಮ್ಮ ಮನೆಯಲ್ಲಿ ಹಾಗಾಯಿತು. ಹಳೇ ಸ್ಟಾರ್ಟರಿಗೆ ಕೂಡಿಸಬಹುದಾ? ಆಗುತ್ತೆ ಸಾರ್. ಸಿಗ್ನಲ್ ಸಿಗದ ಕಡೆ? ಆಗುತ್ತೆ ಸಾರ್. ಆನೆ ಬಂದರೆ ಗೊತ್ತಾಗುತ್ತಾ? ಆಗುತ್ತೆ ಸಾರ್. ತೋಟದ ಲೆಕ್ಕಪತ್ರ, ಆಳುಗಳನ್ನು ನೋಡಿಕೊಳ್ಳುವ ನಮ್ಮ ರೈಟರಿಗೆ ತಡೆಯಲಾಗಲಿಲ್ಲ. "ಬೆರ್ರಿ ಬೋರರ್ ಹುಳ ಬಿದ್ದರೆ ಫೋನಿಗೆ ಬರುತ್ತಾ?" ಎಂದು ಕೇಳಿದರು. ಆತ ಒಂದು ಗಳಿಗೆ ಯೋಚನೆ ಮಾಡಿ, "ಮುಂದಿನ ವರ್ಷಕ್ಕೆ ಆಗುತ್ತೆ ಸಾರ್" ಎಂದ. ಪ್ರಾಮಾಣಿಕ ಮನುಷ್ಯ ಎಂದೇ ಅನ್ನಬೇಕು. ಅವನ ರೇಟೂ ಎಲ್ಲರಿಗಿಂತ ಕಡಿಮೆ. ಆದರೆ ಆ ಹಾಳೆಯನ್ನು ನಿಧಾನ ಓದಿದಾಗ ಒಂದು ಸಂಗತಿ ಕಂಡಿತು. ಪ್ರೆಷರ್ ಸ್ವಿಚ್ಚು ಪಂಪಿನವನು ಕೊಡಬೇಕು, ಸ್ಟಾರ್ಟರು ಸ್ಟಾರ್ಟರಿನವನದು, ಪರದೆ ಇವನದು. ಸ್ವಿಚ್ಚಿನಿಂದ ಸ್ಟಾರ್ಟರಿಗೆ ಹೋಗುವ ವೈರು ಯಾರದು? ಯಾರ ಹಾಳೆಯಲ್ಲೂ ಇಲ್ಲ.

ಇದನ್ನು ಅಳಿಯನಿಗೆ ಫೋನಿನಲ್ಲಿ ಹೇಳಿದೆ. ಅವನು ಎದ್ದು ಕೂತಿರಬೇಕು, ದನಿಯೇ ಬದಲಾಯಿತು. "ಮಾವ, ನಮ್ಮ ಜಗಳ ಪೂರಾ ಅದೇ. ಚಿಲ್ಲರ್ ಕಂಪನಿ ತನ್ನ ಪೆಟ್ಟಿಗೆ ತನಕ, ಇಂಟಿಗ್ರೇಟರ್ ತನ್ನ ಪೆಟ್ಟಿಗೆ ತನಕ. ನಡುವಿನ ವೈರಿಗೆ ಅಪ್ಪ ಅಮ್ಮ ಇಲ್ಲ." ಕೋಟಿಗಟ್ಟಲೆಯ ಕೆಲಸದಲ್ಲೂ ಕೊನೆಗೆ ವ್ಯಾಜ್ಯ ಬೀಳುವುದು ಇಂಥ ಸಂದಿನಲ್ಲಂತೆ. ಕಡಿಮೆ ಬರೆದು ಕೆಲಸ ಹಿಡಿದವರು ಈ ಸಂದುಗಳನ್ನೇ ನಂಬಿರುತ್ತಾರೆ, ಒಂದೊಂದಕ್ಕೂ ಆಮೇಲೆ ಎಕ್ಸ್‌ಟ್ರಾ ಬಿಲ್ಲು. ಅದಕ್ಕೇ ತಿಳಿದವರು ಮೊದಲು ಪಾಯಿಂಟ್ ಲಿಸ್ಟ್ ಕೇಳುತ್ತಾರೆ. ಯಾವ ಯಂತ್ರದಿಂದ ಯಾವ ಸುದ್ದಿ ಬರಬೇಕು, ಯಾವ ಅಪ್ಪಣೆ ಹೋಗಬೇಕು, ಅದರ ವೈರು ಯಾರದು, ಒಂದೊಂದನ್ನೂ ಸಾಲು ಸಾಲಾಗಿ ಬರೆದ ಪಟ್ಟಿ. ಅದು ತಯಾರಾಗದೆ ರೇಟು ಹೇಳುವವನು, ತೋಟ ನೋಡದೆ ಫಸಲಿಗೆ ವ್ಯಾಪಾರ ಕುದುರಿಸುವವನು, ಇಬ್ಬರನ್ನೂ ದೂರ ಇಡಬೇಕು.

ಪಾಯಿಂಟ್ ಲಿಸ್ಟ್ ಮಾಡಲು ಚಿಕ್ಕಮಗಳೂರಿನ ಒಂದು ಸಣ್ಣ ಸಂಸ್ಥೆಯಿಂದ ಬಂದವಳು ಡಿಪ್ಲೊಮಾ ಓದಿದ ಹುಡುಗಿ. ಬಂದವಳೇ ಕಾಫಿ ಬೇಡವೆಂದು ಪಂಪ್‌ಹೌಸ್ ಕೇಳಿದಳು. ಹಳ್ಳದ ತನಕ ಇಳಿದು, ಸ್ಟಾರ್ಟರ್ ಪೆಟ್ಟಿಗೆಗೆ ಟೆಸ್ಟರ್ ಹಿಡಿದು, ಮೈನ್ ಆಫ್ ಮಾಡಿ ಬಾಗಿಲು ತೆಗೆದಳು. ಒಳಗೆ ಕಾಂಟ್ಯಾಕ್ಟರಿನ ಸಂದಿಯಲ್ಲಿ ಒಂದು ಹಲ್ಲಿ, ಒಣಗಿ ಕಾಗದದಂತಾಗಿತ್ತು. ಟೈಮರಿನ ಹಿಂದೆ ಇರುವೆ ಮಣ್ಣು ತುಂಬಿತ್ತು. ತಂತಿಗಳಿಗೆ ನಂಬರಿಲ್ಲ, ಮೂರು ಕಾಲದ ಮೂರು ಮೆಕ್ಯಾನಿಕ್‌ಗಳು ಮೂರು ಬಣ್ಣದ ಟೇಪು ಸುತ್ತಿದ್ದರು. ಅವಳು ಹಲ್ಲಿಯನ್ನು ಸ್ಕ್ರೂಡ್ರೈವರಿನ ತುದಿಯಲ್ಲಿ ಎತ್ತಿ ಹೊರಗೆ ಹಾಕಿ, ಫೋಟೊ ತೆಗೆದು, ಕೇಳಿದ ಮೊದಲ ಪ್ರಶ್ನೆ: "ಅಂಕಲ್, ಕರೆಂಟು ಹೋಗಿ ಬಂದರೆ ಇದು ತಾನಾಗಿ ಶುರುವಾಗಬೇಕಾ, ಬೇಡವಾ?"

ಶುರುವಾಗಲಿ, ಅದಕ್ಕೇ ತಾನೇ ಆಟೊಮ್ಯಾಟಿಕ್ ಎಂದೆ. ರೈಟರು ಅಡ್ಡ ಬಂದರು. ಕರೆಂಟು ಹೋದ ಹೊತ್ತಿಗೆ ಸರಿಯಾಗಿ ಆಳುಗಳು ಸ್ಪ್ರಿಂಕ್ಲರ್ ಪೈಪು ಬಿಚ್ಚಿ ಮುಂದಿನ ಸಾಲಿಗೆ ಹೊರುತ್ತಿರುತ್ತಾರೆ. ಜೋಡಣೆ ಬಿಚ್ಚಿರುವಾಗ ನೀರು ನುಗ್ಗಿದರೆ ಪೈಪು ಎದ್ದು ಬಡಿಯುತ್ತದೆ, ಕಾಲು ಮುರಿದವರಿದ್ದಾರೆ. "ಹಾಗಾದರೆ ಇದನ್ನು ಆಟೊಮ್ಯಾಟಿಕ್ ಮಾಡುವುದು ಬೇಡ. ನೀರು ಬರುತ್ತಿದೆಯಾ ಇಲ್ಲವಾ ಎಂದು ಮಾತ್ರ ಹೇಳಲಿ, ಬರದಿದ್ದರೆ ನಿಲ್ಲಲಿ. ಶುರು ಮಾಡುವುದು ಮನುಷ್ಯರೇ" ಎಂದು ಅವಳು ಬರೆದುಕೊಂಡಳು. ಕಂಟ್ರಾಕ್ಟಿಗೆ ಬಂದವರ ಬಾಯಲ್ಲಿ "ಬೇಡ" ಎಂಬ ಶಬ್ದ ನಾನು ಅಲ್ಲಿಯ ತನಕ ಕೇಳಿರಲಿಲ್ಲ. ಟೈ ಕಟ್ಟಿದವರ ಕಡೆಯಿಂದಲೂ ಕೊನೆಗೆ ಕೆಲಸಕ್ಕೆ ಬರುವವರು ಇಂಥ ಹುಡುಗ ಹುಡುಗಿಯರೇ. ನಾವು ಮಾತ್ರ ಟೈ ನೋಡಿ ಸಹಿ ಹಾಕುತ್ತೇವೆ. ಪ್ಯಾನೆಲ್ ಮುಂದೆ ಕೂರುವವರು ಯಾರು, ಅವರನ್ನೇ ಮೊದಲು ಕಳಿಸಿ ಎಂದು ಕೇಳಬೇಕು. ಈ ಒಂದು ಸಾಲನ್ನು ಅಳಿಯ ತನ್ನ ಕೋಷ್ಟಕಕ್ಕೆ ಸೇರಿಸಿಕೊಂಡ, ಮಾವನ ಹೆಸರು ಹಾಕಲಿಲ್ಲ.

ಹತೋಟಿ, ನಿಗಾ ಎಂಬುದೆಲ್ಲ ನಮ್ಮ ಗುಡ್ಡಗಳಿಗೆ ಬೆಂಗಳೂರಿನಿಂದ ಈಚೆಗೆ ಬಂದದ್ದು ಎಂದು ಯಾರಾದರೂ ತಿಳಿದಿದ್ದರೆ ಅವರು ಕುದುರೆಮುಖ ಮರೆತಿದ್ದಾರೆ. ಕಳಸದ ಮಗ್ಗುಲಲ್ಲೇ, 1976ರಲ್ಲಿ ಶುರುವಾದ ಕಂಪನಿ. ಗುಡ್ಡದ ಅದಿರನ್ನು ಪುಡಿ ಮಾಡಿ, ನೀರಿಗೆ ಕಲಸಿ, ಆ ಗಂಜಿಯನ್ನು ಘಟ್ಟದ ಕೆಳಗೆ ಮಂಗಳೂರಿನ ಬಂದರಿಗೆ ಸುಮಾರು 67 ಕಿಲೋಮೀಟರ್ ಪೈಪಿನಲ್ಲಿ ಹರಿಸುತ್ತಿದ್ದರು. ಗಂಜಿ ದಪ್ಪವಾದರೆ ಪೈಪು ಕಟ್ಟುತ್ತದೆ, ತೆಳುವಾದರೆ ನಷ್ಟ. ಮೇಲಿನವರಿಗೆ ಕೆಳಗಿನ ಸುದ್ದಿ ಬೇಕು, ಕೆಳಗಿನವರಿಗೆ ಮೇಲಿನದು. ಮಳೆಗಾಲದ ಕುದುರೆಮುಖದಲ್ಲಿ ಇದನ್ನು ನಡೆಸಿದವರಿಗೆ ಡೇಟಾ ಸೆಂಟರಿನವರು ಕೈಮುಗಿಯಬೇಕು. ಹಣ ಕೊಡಲು, ಅದಿರು ಕೊಳ್ಳಲು ಒಪ್ಪಿದ್ದು ಇರಾನಿನ ಶಾ ಸರ್ಕಾರ. ಮತ್ತೆ ಅದೇ 1979! ಅಲ್ಲಿ ಕ್ರಾಂತಿಯಾಗಿ ಶಾ ದೇಶ ಬಿಟ್ಟ, ಹಣ ನಡುವೆಯೇ ನಿಂತಿತು, ಕೊಳ್ಳುವವನೇ ಇಲ್ಲದಾಯಿತು. ಯೋಜನೆ 1980ರಲ್ಲಿ ಸಿದ್ಧವಾದಾಗ ಅದಿರಿಗೆ ಬೇರೆ ಗಿರಾಕಿ ಹುಡುಕಬೇಕಾಯಿತು. ಗುತ್ತಿಗೆ ಕೊಡುವಾಗ ಕಂಟ್ರಾಕ್ಟರನ ಜಾತಕ ನೋಡುವವರು ಹಣ ಕೊಡುವವನ ಜಾತಕವನ್ನೂ ನೋಡುವುದು ಒಳ್ಳೆಯದು.

ಪರಿಸರದ ಹೋರಾಟ, ಸುಪ್ರೀಂ ಕೋರ್ಟಿನ ತೀರ್ಪು ಎಲ್ಲ ಆಗಿ 2005ರ ಕೊನೆಗೆ ಗಣಿ ನಿಂತಿತು. ಗಣಿ ನಿಲ್ಲಬೇಕಾಗಿತ್ತು, ಆ ಮಾತು ಬೇರೆ. ಟೌನ್‌ಶಿಪ್ಪಿನ ಮನೆಗಳು ಖಾಲಿಯಾದವು. ಆದರೆ ಅದಿರು ತೆಗೆದು ಉಳಿದ ಹೂಳನ್ನು ಹಿಡಿದಿಟ್ಟ ಲಕ್ಯಾ ಅಣೆಕಟ್ಟು ಅಲ್ಲೇ ಇದೆ, ಸುಮಾರು ನೂರು ಮೀಟರ್ ಎತ್ತರ. ಕಾರ್ಖಾನೆ ಮುಚ್ಚಿದರೂ ಅದನ್ನು ಮಳೆಗಾಲಗಳುದ್ದಕ್ಕೂ ನೋಡಿಕೊಳ್ಳುವ ಕೆಲಸ ಮುಚ್ಚಲಾಗುವುದಿಲ್ಲ. ಕಟ್ಟಿದವರು ಹೋದಮೇಲೂ ಕಾಯುವವರು ಇರಲೇಬೇಕು. ಹಾಗಾಗಿ ಕಂಟ್ರಾಕ್ಟರನನ್ನು ಆರಿಸುವಾಗ ಅವನು ಬರುವ ದಿನದ ಜೋರು ನೋಡಬಾರದು, ಅವನು ಹೋದ ಮರುದಿನ ನಮ್ಮ ಕೈಯಲ್ಲಿ ಏನು ಉಳಿದಿರುತ್ತದೆ ಎಂದು ನೋಡಬೇಕು. ಅಳಿಯನ ಕೋಷ್ಟಕ ಎಷ್ಟೇ ಉದ್ದವಿರಲಿ, ನನ್ನದು ಇದೊಂದೇ ಕಾಲಂ.

ಉಳಿಯಬೇಕಾದದ್ದು ಏನು? ಪಾಸ್‌ವರ್ಡು, ಪ್ರೋಗ್ರಾಮು, ನಕ್ಷೆ. ಎಷ್ಟೋ ಕಡೆ ಕೆಲಸ ಮಾಡಿದವನು ಪಾಸ್‌ವರ್ಡು ತನ್ನಲ್ಲೇ ಇಟ್ಟುಕೊಂಡು, ಒಂದು ಅಂಕಿ ಬದಲಿಸಲೂ ವಿಸಿಟ್ ಚಾರ್ಜು ಹಾಕುತ್ತಾನೆ. ಮನೆ ನಮ್ಮದು, ಬೀಗದ ಕೈ ಅವನದು. ಮೂಡಿಗೆರೆಯ ತೇಜಸ್ವಿಯವರು ಕೊನೆಯ ವರ್ಷಗಳಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದೊಡನೆ ಸೇರಿ ಕುವೆಂಪು ಕನ್ನಡ ತಂತ್ರಾಂಶಕ್ಕೆ ದುಡಿದವರು. ಕಾಫಿ ಬೆಳೆಗಾರನೊಬ್ಬ ತಂತ್ರಾಂಶದ ಉಸಾಬರಿಗೆ ಯಾಕೆ ಹೋದ ಎಂದು ಆಗ ಹುಬ್ಬೇರಿಸಿದವರು ಒಂದು ಸಲ ಪಾಸ್‌ವರ್ಡಿಗಾಗಿ ಕಂಟ್ರಾಕ್ಟರನ ಕಾಲು ಹಿಡಿದು ನೋಡಬೇಕು, ಉತ್ತರ ತಾನೇ ಹೊಳೆಯುತ್ತದೆ.

ಕಾವಲುಗಾರ ತಾನು ಕಾಯುವ ಮನೆಯ ಕರೆಂಟನ್ನೇ ನಂಬಿಕೊಂಡಿರಬಾರದು ಎಂಬುದು ಇನ್ನೊಂದು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್ ಎಲ್ಲ ಸುಮಾರು ಆರು ಗಂಟೆ ಸತ್ತು ಮಲಗಿದ್ದು ನೆನಪಿರಬಹುದು. ಆವತ್ತು ಸರಿಮಾಡಲು ಓಡಿದ ಸಿಬ್ಬಂದಿಗೇ ಒಳಗೆ ಹೋಗುವುದು ಕಷ್ಟವಾಯಿತು ಎಂದು ಪತ್ರಿಕೆಗಳಲ್ಲಿ ಬಂದಿತ್ತು. ಬಾಗಿಲು ತೆರೆಯುವ ಕಾರ್ಡಿನ ವ್ಯವಸ್ಥೆಯೂ ಅದೇ ಕೆಟ್ಟ ಜಾಲದ ಮೇಲೆ ನಿಂತಿತ್ತಂತೆ. ನಮ್ಮ ಗೋಡೌನಿನ ಕ್ಯಾಮೆರಾ ಕರೆಂಟು ಹೋದೊಡನೆ ಕಣ್ಣು ಮುಚ್ಚುತ್ತಿತ್ತು. ಕಳ್ಳರು ಕರೆಂಟು ಇದ್ದಾಗಲೇ ಬರಬೇಕು ಎಂದು ಅದನ್ನು ಹಾಕಿದವರ ನಂಬಿಕೆ.

ಅಳಿಯ ತನ್ನ ಗುತ್ತಿಗೆ ಕರಾರಿನ ಹಾಳೆ ತೋರಿಸಿದ. ಕೆಟ್ಟರೆ ನಾಲ್ಕು ಗಂಟೆಯಲ್ಲಿ ಕಂಟ್ರಾಕ್ಟರನ ಜನ ಸ್ಥಳದಲ್ಲಿರಬೇಕು, ತಪ್ಪಿದರೆ ದಂಡ. ಓದಿ ರೈಟರಿಗೆ ನಗು ತಡೆಯಲಿಲ್ಲ. ಭದ್ರೆ ತುಂಬಿ ಹೆಬ್ಬಾಳೆ ಸೇತುವೆ ಮುಳುಗಿ ಕಳಸದವರು ಹೊರನಾಡಿಗೆ ಸುತ್ತು ಹಾಕುವಾಗ, ಚಾರ್ಮಾಡಿಯಲ್ಲಿ ಗುಡ್ಡ ಜಾರಿರುವಾಗ, ನಾಲ್ಕು ಗಂಟೆಯಂತೆ! ಇಲ್ಲಿ ಬೇಕಾದದ್ದು ಬೇಗ ಬರುವವನಿಗಿಂತ, ತಾನು ಬಾರದಿದ್ದರೂ ನಡೆಯುವಂತೆ ಮಾಡಿಟ್ಟು ಹೋಗುವವನು.

ಕೊನೆಗೆ ಕೆಲಸವನ್ನು ಹಲ್ಲಿ ಎತ್ತಿದ ಹುಡುಗಿಯ ಸಂಸ್ಥೆಗೆ ಕೊಟ್ಟೆವು. "ಆಗುತ್ತೆ ಸಾರ್"ಗಿಂತ ರೇಟು ಜಾಸ್ತಿಯೇ. ಕರಾರು ಬರೆಯುವಾಗ ಅಳಿಯ ಬೆಂಗಳೂರಿನಿಂದ ಷರತ್ತು ಹೇಳುತ್ತ ಹೋದ, ರೈಟರು ಇಲ್ಲಿಂದ ತಿದ್ದುತ್ತ ಹೋದರು. ಪ್ರತಿ ತಂತಿಗೂ ನಂಬರು. ಪ್ಯಾನೆಲ್ ಬಾಗಿಲಿನ ಒಳಮೈಗೆ ಕನ್ನಡದಲ್ಲಿ ಬರೆದ ನಕ್ಷೆ, ಇರುವೆ ತಿನ್ನದ ಪ್ಲಾಸ್ಟಿಕ್ ಹೊದಿಸಿ. ಎಲ್ಲ ಯಂತ್ರಕ್ಕೂ ಕೈಯಿಂದ ನಡೆಸುವ ಸ್ವಿಚ್ಚು ಇರಲೇಬೇಕು. ಪಾಸ್‌ವರ್ಡು ಲಕೋಟೆಯಲ್ಲಿ ಹಾಕಿ ಮಳೆ ಪುಸ್ತಕದ ಬೀರುವಿಗೆ. ರಾತ್ರಿ ಎಬ್ಬಿಸುವ ಅಲಾರಂ ಮೂರೇ ಮೂರು, ಉಳಿದವು ಬೆಳಿಗ್ಗೆ ಕಾಫಿ ಹೊತ್ತಿಗೆ ಬಂದರೆ ಸಾಕು. ಈ ಷರತ್ತು ಮನೆಯವಳದು. ಕೆಲಸ ಒಪ್ಪಿಸುವ ದಿನ ಪರದೆ ತೋರಿಸಿದರೆ ಸಾಲದು, ನಾವು ಹೇಳಿದ ತಂತಿ ಕಿತ್ತು, ನಾವು ಹೇಳಿದ ಫ್ಯೂಸು ತೆಗೆದು, ಪೈಪಿನಲ್ಲಿ ನೀರು ನಿಲ್ಲಿಸಿ ತೋರಿಸಬೇಕು. ಹಾಗೆ ಮಾಡಿಯೂ ತೋರಿಸಿದರು. ಬೋರಿನ ಒಂದು ಫ್ಯೂಸು ತೆಗೆದಾಗ ಬೇಲಿಯ ಅಲಾರಂ ಹೊಡೆಯಿತು. ಹುಡುಗಿ ಮುಖ ಕೆಂಪು ಮಾಡಿಕೊಂಡು ಸರಿಪಡಿಸಿದಳು. ತಪ್ಪು ಆವತ್ತೇ ಸಿಕ್ಕಿತಲ್ಲ, ನಾಟಕ ಮಾಡಿದ್ದೂ ಸಾರ್ಥಕ.

ಕೆಲಸ ಕೊಡುವವರಿದ್ದರೆ ಒಂದು ಮಾತು. ಡೇಟಾ ಸೆಂಟರೇ ಇರಲಿ, ನಾಲ್ಕು ಎಕರೆ ತೋಟವೇ ಇರಲಿ, ಹತ್ತು ಪರ್ಸೆಂಟ್ ಹಣವನ್ನು ಒಂದು ಪೂರಾ ಮಳೆಗಾಲ ಕಳೆಯುವ ತನಕ ಹಿಡಿದಿಟ್ಟುಕೊಳ್ಳುತ್ತೇವೆಂದು ಕರಾರಿನಲ್ಲೇ ಬರೆಸಿ. ಒಳ್ಳೆಯವರು ಒಪ್ಪುತ್ತಾರೆ, ಇವರೂ ಒಪ್ಪಿದರು. ಕೆಲಸ ಮುಗಿದದ್ದು ಮೇ ತಿಂಗಳಲ್ಲಿ. ಈಗ ಆಗಸ್ಟ್. ಮಳೆ ಇನ್ನೂ ಬಿಟ್ಟಿಲ್ಲ, ಹತ್ತು ಪರ್ಸೆಂಟ್ ಇನ್ನೂ ಕೊಟ್ಟಿಲ್ಲ.